ಹಸಿರು ಹಲಗೆಯ ಅಂಗನವಾಡಿ

ಒಂದು ಹೋಬಳಿ ಊರು. ಆ ಊರಿಗೆ ಮೂರು ಅಂಗನವಾಡಿ. ಒಂದು ಕೋಟೆಬೀದಿಯಲ್ಲಿ, ಒಂದು ಸಂತೆಮಾಳದಲ್ಲಿ, ಇನ್ನೊಂದು ಊರಾಚೆ ಇಟ್ಟಿಗೆಗೂಡಿನ ಪಕ್ಕದಲ್ಲಿ. ಮೂರಕ್ಕೂ ಮೇಲ್ವಿಚಾರಕಿ ಒಬ್ಬಳೇ, ವಾರಿಜಾಕ್ಷಿ.

ವಾರಿಜಾಕ್ಷಿ ಕೆಟ್ಟವಳಲ್ಲ ಮಕ್ಕಳೇ, ಇದನ್ನು ಮೊದಲೇ ತಿಳಿದುಕೊಳ್ಳಿ. ತಪಾಸಣೆಗೆ ಹೋದ ಕಡೆ ಒಂದು ಲೋಟ ಕಾಫಿಯನ್ನೂ ಮುಟ್ಟದವಳು. ತಿಂಗಳಿಗೊಮ್ಮೆ ಮಕ್ಕಳನ್ನು ತೂಕ ಮಾಡುವ ದಿನ ತಕ್ಕಡಿಯನ್ನು ಟೀಚರುಗಳ ಕೈಗೆ ಕೊಡುತ್ತಿರಲಿಲ್ಲ. ಮಗುವನ್ನು ತಾನೇ ಬಟ್ಟೆಯ ಜೋಲಿಯಲ್ಲಿ ಕೂರಿಸಿ, ತಾನೇ ಮುಳ್ಳು ನೋಡಿ, ತಾನೇ ಬರೆಯುವಳು. ಕಾಲು ಕೆಜಿ ಹೆಚ್ಚು ಬರೆಸಿಕೊಳ್ಳಲು ಯಾರಿಂದಲೂ ಆಗುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಅವಳಿಗೊಂದು ಯೋಚನೆ ಹೊಳೆಯಿತು. ಮಗುವಿನ ತೂಕ ವಯಸ್ಸಿಗೆ ತಕ್ಕಷ್ಟಿದ್ದರೆ ಹಸಿರು, ಕಡಿಮೆಯಿದ್ದರೆ ಹಳದಿ, ತೀರಾ ಕಡಿಮೆಯಿದ್ದರೆ ಕೆಂಪು. ಹೀಗೆ ಗುರುತು ಹಾಕುವ ಪಟ್ಟಿ ಎಲ್ಲ ಅಂಗನವಾಡಿಯಲ್ಲೂ ಇರುತ್ತದೆ. ಅದು ಬೀರುವಿನೊಳಗೆ ಯಾಕೆ ಮುಚ್ಚಿಕೊಂಡಿರಬೇಕು? ಬೀದಿಗೆ ಕಾಣಿಸಿದರೆ ಟೀಚರುಗಳು ಚುರುಕಾಗುವುದಿಲ್ಲವೇ?

ಬಡಗಿಯಿಂದ ಮೂರು ಹಲಗೆ ಮಾಡಿಸಿದಳು. ಮೂರು ಅಂಗನವಾಡಿಯ ಬಾಗಿಲ ಪಕ್ಕ, ಹೊರಗೋಡೆಗೆ ತೂಗುಹಾಕಿಸಿದಳು. ಒಂದು ಮಗುವಿಗೆ ಒಂದು ಚುಕ್ಕೆ. ತೂಕದ ದಿನ ಸಂಜೆ ಚುಕ್ಕೆಗಳಿಗೆ ಹೊಸ ಬಣ್ಣ ಬೀಳುತ್ತಿತ್ತು. ಕೆಳಗೆ ದಪ್ಪಕ್ಷರದಲ್ಲಿ ಆ ಅಂಗನವಾಡಿಯ ಸ್ಥಾನ: ಒಂದು, ಎರಡು, ಮೂರು.

ಊರಿಗೆ ಊರೇ ಹಲಗೆ ಓದತೊಡಗಿತು. ಓದು ಬಾರದವರಿಗೂ ಬಣ್ಣ ತಿಳಿಯುತ್ತದಲ್ಲ. ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಾ ಗಂಡಸರು ಮಾತಾಡಿಕೊಳ್ಳುವರು. "ಏನಪ್ಪಾ, ಕೋಟೆಬೀದಿ ಪೂರಾ ಹಸಿರಂತೆ?" "ಇಟ್ಟಿಗೆಗೂಡು ನೋಡಿದ್ಯಾ? ದಡಾರ ಎದ್ದ ಮೈ ಇದ್ದಂಗಿದೆ ಆ ಹಲಗೆ!" ತಾಲ್ಲೂಕಿನ ಅಧಿಕಾರಿ ಬಂದು ಹಲಗೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಹೋದರು. ವಾರಿಜಾಕ್ಷಿಗೆ ಹೆಮ್ಮೆಯಾಯಿತು. ಮನುಷ್ಯರು ಸುಳ್ಳು ಹೇಳಬಹುದು, ಬಣ್ಣ ಹೇಳುವುದಿಲ್ಲ ಎಂದು ಅವಳು ನಂಬಿದ್ದಳು.

ಹೀಗಿರುವಾಗ ಒಂದು ಸೋಮವಾರ ತಾಲ್ಲೂಕಿನಿಂದ ಪತ್ರ ಬಂತು. ಈ ಊರಿಗೆ ಇನ್ನು ಎರಡೇ ಅಂಗನವಾಡಿ ಸಾಕು. ಮೂರನ್ನೂ ಹೋಲಿಸಿ ನೋಡಿ, ಕೊನೆಯ ಸ್ಥಾನದಲ್ಲಿರುವುದನ್ನು ಮುಚ್ಚಿ, ಅದರ ಮಕ್ಕಳನ್ನು ಮೊದಲ ಸ್ಥಾನದ ಅಂಗನವಾಡಿಗೆ ಸೇರಿಸಬೇಕು. ಶುಕ್ರವಾರದೊಳಗೆ ವರದಿ ಕೊಡಬೇಕು.

ವಾರಿಜಾಕ್ಷಿಗೆ ಇದರಲ್ಲಿ ಕಷ್ಟವೇನೂ ಕಾಣಲಿಲ್ಲ. ಎರಡು ವರ್ಷದಿಂದ ಗೋಡೆಯ ಮೇಲೇ ಉತ್ತರವಿತ್ತು. ಆದರೂ ಕಡೆಯದಾಗಿ ಒಮ್ಮೆ ತೂಗಿಬಿಡೋಣವೆಂದು ಮಂಗಳವಾರ ಹೊರಟಳು.

ಬೆಳಿಗ್ಗೆ ಕೋಟೆಬೀದಿ. ಅಲ್ಲಿನ ಟೀಚರ್ ಅನಸೂಯ ಬಾಗಿಲಿಗೇ ಬಂದು ನಿಂತಿದ್ದಳು. ನೆಲ ಫಳಫಳ. ಗೋಡೆಯ ತುಂಬ ಅಕ್ಷರ, ಹಣ್ಣು, ಹಕ್ಕಿ. ಮಕ್ಕಳು ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಸಾಲಾಗಿ ಕುಳಿತಿದ್ದರು. ಗುಂಡುಗುಂಡಾದ ಇಪ್ಪತ್ತನಾಲ್ಕು ಮಕ್ಕಳು. ತೊಲೆಗೆ ತಕ್ಕಡಿ ನೇತುಹಾಕಿ ಒಂದೊಂದಾಗಿ ತೂಗಿದರು. ಇಪ್ಪತ್ಮೂರು ಹಸಿರು, ಒಂದು ಹಳದಿ.

"ಅನಸೂಯಾ, ಏನು ಹಾಕ್ತೀರಮ್ಮಾ ಈ ಮಕ್ಕಳಿಗೆ?" ವಾರಿಜಾಕ್ಷಿ ಹಿಗ್ಗಿ ಕೇಳಿದಳು.

"ಸರ್ಕಾರ ಕೊಟ್ಟಿದ್ದೇ ಮೇಡಂ. ನಮ್ದೇನಿದೆ?" ಎಂದು ಅನಸೂಯ ನಕ್ಕಳು. ನಗುತ್ತಲೇ ಹಳದಿ ಬಂದ ಮಗುವಿನ ತಾಯಿಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಏನೋ ಹೇಳಿದಳು. ಆ ಹೆಂಗಸು ತಲೆ ತಗ್ಗಿಸಿದಳು. ಮಗುವಿಗೆ ಏನು ಉಣಿಸಬೇಕೆಂದು ತಿಳಿಹೇಳುತ್ತಿದ್ದಾಳೆ, ಟೀಚರ್ ಅಂದರೆ ಹೀಗಿರಬೇಕು ಎಂದುಕೊಂಡಳು ವಾರಿಜಾಕ್ಷಿ.

ಸಂತೆಮಾಳ ಮುಗಿಸಿ, ಊಟದ ಹೊತ್ತಿಗೆ ಇಟ್ಟಿಗೆಗೂಡಿಗೆ ಬಂದಳು. ಇಪ್ಪತ್ತು ಮಕ್ಕಳು ಕೂರುವ ಕೋಣೆಯಲ್ಲಿ ನಲವತ್ತೊಂದು ಮಕ್ಕಳು. ಒಂದು ಅಳುತ್ತಿದೆ, ಒಂದು ಮಲಗಿದೆ, ಒಂದು ಟೀಚರ್ ಸೊಂಟದ ಮೇಲಿದೆ. ಟೀಚರ್ ಹೊನ್ನೂರಮ್ಮ ಸೆರಗು ಸಿಕ್ಕಿಸಿಕೊಂಡು ಅನ್ನಕ್ಕೆ ಸಾರು ಕಲೆಸುತ್ತಿದ್ದಳು. ಗೋಡೆಯ ಮೇಲಿನ ಅಕ್ಷರಗಳು ಇಟ್ಟಿಗೆ ಧೂಳಿಗೆ ಮಾಸಿದ್ದವು.

ತೂಕ ಮುಗಿಯಿತು. ಹದಿನೆಂಟು ಹಸಿರು, ಹದಿನಾಲ್ಕು ಹಳದಿ, ಒಂಬತ್ತು ಕೆಂಪು.

"ಹೋದ ತಿಂಗಳಿಗಿಂತ ಎರಡು ಕೆಂಪು ಜಾಸ್ತಿಯಲ್ರೀ ಹೊನ್ನೂರಮ್ಮಾ!"

"ಹೌದು ಮೇಡಂ. ಬಂದ್ವು."

"ಬರೋದಕ್ಕೆ ಅವೇನು ನೆಂಟರೇನ್ರೀ?"

"ನೆಂಟರ ಥರಾನೇ ಮೇಡಂ. ನಾನೇನೂ ಕರೆದಿರ್ಲಿಲ್ಲ. ಬಂದ್ವು, ಒಳಗೆ ಕರ್ಕೊಂಡೆ."

ಮಾತಿಗೆ ಮಾತು ಕೊಡುವುದೊಂದು ಬರುತ್ತದೆ ಇವಳಿಗೆ ಎಂದು ವಾರಿಜಾಕ್ಷಿಗೆ ಸಿಟ್ಟು ಬಂತು. ಗೂಡಿನ ಕೆಲಸಕ್ಕೆ ಬೇರೆ ಊರುಗಳಿಂದ ಜನ ಬರುತ್ತಾರೆ, ಹೋಗುತ್ತಾರೆ. ಹೊಸ ಮಕ್ಕಳೆಲ್ಲ ಅವರವೇ ಇರಬೇಕೆಂದು ಅವಳು ಎರಡು ವರ್ಷದಿಂದ ತಿಳಿದಿದ್ದಳು. ಕೇಳಿ ನೋಡುವ ಅಗತ್ಯ ಕಂಡಿರಲಿಲ್ಲ. ಚೀಲದಿಂದ ಪತ್ರ ತೆಗೆದು ಓದಿ ಹೇಳಿದಳು. ಈ ಅಂಗನವಾಡಿ ಮುಚ್ಚುತ್ತದೆ. ಮಕ್ಕಳು ಕೋಟೆಬೀದಿಗೆ ಹೋಗುತ್ತವೆ.

ಹೊನ್ನೂರಮ್ಮನ ಕೈ ಅನ್ನದಲ್ಲೇ ನಿಂತುಬಿಟ್ಟಿತು.

"ನನ್ನ ಕೆಲ್ಸ ಹೋದ್ರೆ ಹೋಗ್ಲಿ ಮೇಡಂ. ಈ ಮಕ್ಕಳು ಕೋಟೆಬೀದಿಗಾ?"

"ಹೌದು. ಅಲ್ಲಿ ಹೋಗಿ ಹಸಿರಾಗ್ತಾವೆ."

ಹೊನ್ನೂರಮ್ಮ ಏನೋ ಹೇಳಲು ಬಾಯಿ ತೆರೆದಳು. ವಾರಿಜಾಕ್ಷಿ ಕೈಯೆತ್ತಿ ತಡೆದಳು. "ನೋಡಿ, ಇನ್ನೊಬ್ಬ ಟೀಚರ್ ಮೇಲೆ ಚಾಡಿ ಮಾತ್ರ ಬೇಡ. ಕೊನೆಗೆ ಬಂದವರೆಲ್ಲ ಮೊದಲು ಬಂದವರ ಮೇಲೆ ಹೇಳೋದೇ. ನನ್ನ ಹತ್ರ ಅದು ನಡೆಯೋಲ್ಲ ಅಂತ ನಿಮಗೆ ಗೊತ್ತು."

ಹೊನ್ನೂರಮ್ಮ ತುತ್ತು ಮಾಡಿ ಸೊಂಟದ ಮೇಲಿನ ಮಗುವಿನ ಬಾಯಿಗಿಟ್ಟಳು. ಆಮೇಲೆ ತಲೆಯೆತ್ತದೆ ಹೇಳಿದಳು:

"ಚಾಡಿ ಹೇಳೋಲ್ಲ ಮೇಡಂ. ಒಂದೇ ಕೇಳ್ತೀನಿ. ವರದಿ ಬರೆಯೋ ಮುಂಚೆ ಒಂದು ದಿನ ಬೆಳಿಗ್ಗೆ ಎಂಟೂವರೆಗೆ ಕೋಟೆಬೀದಿ ತುದೀಲಿ ನಿಂತ್ಕೊಳ್ಳಿ. ಯಾರನ್ನೂ ಏನೂ ಕೇಳ್ಬೇಡಿ. ಸುಮ್ನೆ ನಿಂತ್ಕೊಳ್ಳಿ."

ವಾರಿಜಾಕ್ಷಿ ತಕ್ಕಡಿ ಎತ್ತಿಕೊಂಡು ಹೊರಟುಬಿಟ್ಟಳು. ಆದರೆ ವರದಿಯ ನಮೂನೆಯಲ್ಲಿ ಒಂದು ಕಲಂ ಇತ್ತು: ಮಕ್ಕಳು ಹೊಸ ಕೇಂದ್ರಕ್ಕೆ ನಡೆಯಬೇಕಾದ ದೂರ. ಕಣ್ಣಂದಾಜಿನಲ್ಲಿ ಬರೆಯುವ ಜಾಯಮಾನ ಅವಳದಲ್ಲ. ಗುರುವಾರ ಬೆಳಿಗ್ಗೆ ಆ ದಾರಿಯನ್ನು ತಾನೇ ನಡೆದು ನೋಡಲು ಹೊರಟಳು. ಚಳಿಗೆ ತಲೆ ತುಂಬ ಸೆರಗು ಹೊದ್ದು, ಕೈಚೀಲವೂ ಇಲ್ಲದೆ, ಕೋಟೆಬೀದಿಯ ತುದಿಯಲ್ಲಿ ನಿಂತಳು.

ಎಂಟೂವರೆ. ಅನಸೂಯಳ ಅಂಗನವಾಡಿಯ ಬಾಗಿಲು ತೆರೆಯಿತು. ಹಸಿರು ಹಲಗೆ ಎಳೆಬಿಸಿಲಿಗೆ ಹೊಳೆಯಿತು. ಅಂಗನವಾಡಿಗೆ ಗೋಡೆಗೆ ಗೋಡೆ ತಾಗಿದ ಮನೆಯಿಂದ ಒಬ್ಬ ಮುದುಕಿ ಹೊರಬಂದಳು. ಸೊಂಟದ ಮೇಲೆ ಒಂದು ಹೆಣ್ಣುಮಗು, ಕೈಯಲ್ಲಿ ಅದರ ತಟ್ಟೆ. ಹತ್ತು ಹೆಜ್ಜೆಗೆ ಅಂಗನವಾಡಿಯ ಬಾಗಿಲು.

ಮುದುಕಿ ಆ ಬಾಗಿಲಿನತ್ತ ತಿರುಗಲಿಲ್ಲ. ಮಗುವಿನ ಮುಖವನ್ನು ಇನ್ನೊಂದು ಕಡೆಗೆ ತಿರುಗಿಸಿಕೊಂಡು, ಬಿರಬಿರನೆ ದಾಟಿ ಮುಂದೆ ಹೋದಳು.

ವಾರಿಜಾಕ್ಷಿ ಕಣ್ಣುಜ್ಜಿಕೊಂಡಳು. ಮುದುಕಿ ಎಲ್ಲಿಗೋ ನೆಂಟರ ಮನೆಗೆ ಹೊರಟಿರಬೇಕು ಎಂದುಕೊಂಡಳು. ಅಷ್ಟರಲ್ಲಿ ಎದುರು ಸಾಲಿನ ಮನೆಯಿಂದ ಒಬ್ಬ ಹೆಂಗಸು ಎರಡು ಮಕ್ಕಳ ಕೈಹಿಡಿದು ಬಂದಳು. ಅವಳೂ ದಾಟಿ ಹೋದಳು. ಮೂಲೆಮನೆಯಿಂದ ಒಂದು ಮಗು. ಬಾವಿಕಟ್ಟೆಯ ಹತ್ತಿರ ಇನ್ನೆರಡು. ಅವರ ಹಿಂದೆಯೇ ಇನ್ನೊಬ್ಬಳು, ಮಗುವನ್ನು ದರದರ ಎಳೆದುಕೊಂಡು. ಮಂಗಳವಾರ ಹಳದಿ ಬಂದ ಮಗುವಿನ ತಾಯಿ ಅವಳು! ಎರಡು ದಿನದ ಹಿಂದೆ ಈ ಅಂಗನವಾಡಿಯೊಳಗೇ ನಿಂತಿದ್ದವಳು, ಇವತ್ತು ಅದರ ಬಾಗಿಲನ್ನು ಕಳ್ಳಿಯ ಹಾಗೆ ದಾಟಿ ಹೋಗುತ್ತಿದ್ದಾಳೆ.

ಎಲ್ಲರೂ ಸಂತೆಮಾಳದ ಕಡೆ ತಿರುಗಿದರು. ವಾರಿಜಾಕ್ಷಿ ಹಿಂದೆ ಹಿಂದೆ ನಡೆದಳು. ಸಂತೆಮಾಳದ ಅಂಗನವಾಡಿಯ ಮುಂದೆಯೂ ಯಾರೂ ನಿಲ್ಲಲಿಲ್ಲ. ಅಲ್ಲಿಂದಲೂ ಮೂರು ಮಕ್ಕಳು ಸೇರಿಕೊಂಡವು. ಸೇತುವೆ ದಾಟುವ ಹೊತ್ತಿಗೆ ಹತ್ತು ಮಕ್ಕಳು. ಒಂದೂ ಗುಂಡಗಿನ ಮಗುವಲ್ಲ. ಕಡ್ಡಿಯಂಥ ಕಾಲು, ದೊಡ್ಡ ಹೊಟ್ಟೆ, ಕೆಂಚಗಾದ ಕೂದಲು. ಸಾಲಾಗಿ ಇಟ್ಟಿಗೆಗೂಡಿನ ದಾರಿ ಹಿಡಿದಿದ್ದವು.

ಏರು ಬಂದಾಗ ಮುದುಕಿ ಏದುಸಿರು ಬಿಡುತ್ತಾ ಕಲ್ಲಿನ ಮೇಲೆ ಕುಳಿತಳು. ವಾರಿಜಾಕ್ಷಿ ಪಕ್ಕದಲ್ಲಿ ನಿಂತಳು. ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು:

"ಯಾಕವ್ವಾ, ಮೊಮ್ಮಗೂನ ಅಂಗನವಾಡಿಗೆ ಹಾಕಾಕೆ ನೋಡ್ತಿದೀಯಾ?"

ಇಲ್ಲವೆನ್ನಲು ವಾರಿಜಾಕ್ಷಿಗೆ ಬಾಯಿ ಬರಲಿಲ್ಲ. "ಹೂಂ, ಯಾವುದು ಒಳ್ಳೇದು ಅಂತ ನೋಡ್ತಿದ್ದೆ" ಎಂದಳು.

"ಎಷ್ಟು ತೂಕ ನಿನ್ನ ಮೊಮ್ಮಗು?"

ವಾರಿಜಾಕ್ಷಿಗೆ ಅರ್ಥವಾಗಲಿಲ್ಲ. "ತೂಕ ಯಾಕಜ್ಜೀ?"

"ಅಯ್ಯ, ಅದ್ನೇ ಅಲ್ವಾ ಮೊದ್ಲು ಕೇಳೋದು! ಮೂರು ತುಂಬಿದ ಮಗು ಹನ್ನೊಂದು ಕೆಜಿ ಮೇಲಿದ್ರೆ ಕೋಟೆಬೀದಿ. ಒಂಚೂರು ಹೆಚ್ಚುಕಮ್ಮಿ ಇದ್ರೆ ಸಂತೆಮಾಳದಾಗೆ ಕೈಕಾಲು ಹಿಡಕಂಡು ನೋಡ್ಬೋದು. ಅದಕ್ಕೂ ಕೆಳಗಿದ್ರೆ ಇಟ್ಟಿಗೆಗೂಡು. ನಮ್ಮ ಪೈಕಿ ಎಲ್ರಿಗೂ ಗೊತ್ತಿರೋದೇ. ಅಂಗಡ್ಯಾಗೆ ಉಪ್ಪಿನಮೂಟೆ ತೂಗೋ ಯಂತ್ರ ಐತಲ್ಲ, ಅದ್ರ ಮ್ಯಾಲೆ ನಿಲ್ಸಿ ನೋಡ್ಕಂಡೇ ಹೋಗ್ತೀವಿ. ಬಾಗಿಲ್ತಂಕ ಹೋಗಿ ಬಯ್ಸಿಕೊಂಡು ಬರೋದ್ಯಾಕೆ?"

ವಾರಿಜಾಕ್ಷಿ ಮುದುಕಿಯ ಹತ್ತಿರಕ್ಕೆ ಸರಿದಳು. "ಅಂಗನವಾಡಿ ಎಲ್ಲ ಮಕ್ಕಳಿಗೂ ಅಲ್ವಾ ಅಜ್ಜೀ? ಸಣಕಲು ಮಗು ಬೇಡ ಅಂತಾರಾ?"

"ಬ್ಯಾಡ ಅಂತ ಬಾಯಿ ಬಿಟ್ಟು ಅಂಬಲ್ಲ. ಅನಸೂಯಮ್ಮ ಬಲು ನಯ. 'ಇನ್ನೊಂಚೂರು ಮೈ ಬರ್ಲಿ, ಆಮ್ಯಾಕೆ ಕರ್ಕಂಡು ಬಾ' ಅಂತಾಳೆ. ಮೈ ಬರಾಕೆ ಅಂತ್ಲೇ ಅಲ್ವೇನವ್ವ ಅಂಗನವಾಡಿಗೆ ಕಳ್ಸಾದು? ನಮ್ಮ ಮನಿ ಗ್ವಾಡೆ ಆಚೆಗೇ ಮೊಟ್ಟೆ ಬೇಯ್ತಾ ಇರ್ತದೆ. ವಾಸ್ನೆ ನಮ್ಮ ಅಡಿಗಿಮನಿಗೇ ಬರ್ತದೆ. ಮಗು ಕೇಳ್ತದೆ, ನಾನು ಎತ್ಕಂಡು ಒಂದೂವರೆ ಮೈಲಿ ನಡೀತೀನಿ." ಮುದುಕಿ ದನಿ ತಗ್ಗಿಸಿದಳು. "ಅವಳ್ದೂ ತಪ್ಪಲ್ಲ ಬಿಡು. ಒಬ್ಬಳು ಮೇಡಂ ಬತ್ತಾಳಂತೆ, ಹಲಗೆ ಹಾಕ್ಸಿದೋಳು. ಅವಳಿಗೆ ಕೆಂಪು ಕಂಡ್ರೆ ಆಗಾಕಿಲ್ವಂತೆ."

ವಾರಿಜಾಕ್ಷಿ ಮಗುವಿನತ್ತ ಬಗ್ಗಿದಳು. "ನಿನ್ನ ಹೆಸರೇನು ಪುಟ್ಟಾ?"

"ಓಬಿ" ಎಂದಿತು ಮಗು. ಒಂದು ಗಳಿಗೆ ತಡೆದು, ಶಾಲೆಯ ಮಕ್ಕಳು ತರಗತಿ ಹೇಳುವ ಹಾಗೆ, "ಕೆಂಪು" ಎಂದು ಸೇರಿಸಿತು.

ನಾಲ್ಕೂವರೆ ವರ್ಷದ ಮಗು ತನ್ನ ಹೆಸರಿಗೆ ತಾನೇ ಆ ಬಣ್ಣ ಅಂಟಿಸಿಕೊಂಡಿತ್ತು. ಅದು ಕಣ್ಣರಳಿಸಿ ವಾರಿಜಾಕ್ಷಿಯ ಮುಖವನ್ನೇ ನೋಡಿತು. ಸೆರಗಿನೊಳಗೆ ಇಣುಕಿತು. ಆಮೇಲೆ ಅಜ್ಜಿಯ ಕಿವಿಗೆ ಬಾಯಿಟ್ಟು, ಎಲ್ಲರಿಗೂ ಕೇಳುವಂಥ ಗುಟ್ಟಿನಲ್ಲಿ ಹೇಳಿತು:

"ಅಜ್ಜೀ, ಇದು ತೂಕದಮ್ಮ."

ಮುದುಕಿಯ ಮುಖ ಬಿಳಿಚಿಕೊಂಡಿತು. ಮಗುವನ್ನು ಬಾಚಿ ಬೆನ್ನ ಹಿಂದೆ ಮರೆಮಾಡಿದಳು. ಎದ್ದು ನಿಲ್ಲಲು ಹೋಗಿ ತಟ್ಟೆ ಬಿದ್ದು ಠಣ್ಣೆಂದಿತು.

"ನಾನೇನೂ ಹೇಳ್ಲಿಲ್ಲ ತಾಯೀ. ಬಾಯಿತಪ್ಪಿ ಆಡಿಬಿಟ್ಟೆ. ಇಲ್ಲಿಂದಾನೂ ತೆಗೀಬ್ಯಾಡಿ. ನಿಮ್ಮ ಕಾಲಿಗೆ ಬೀಳ್ತೀನಿ, ಇದೊಂದು ಜಾಗದಿಂದ ಮಾತ್ರ ತೆಗೀಬ್ಯಾಡಿ."

ನಿಜಕ್ಕೂ ಕಾಲಿಗೆ ಬೀಳಲು ಬಗ್ಗಿದಳು. ವಾರಿಜಾಕ್ಷಿ ಅವಳ ಎರಡೂ ಭುಜ ಹಿಡಿದಳು. ಬಿದ್ದ ತಟ್ಟೆಯನ್ನು ಎತ್ತಿ, ಸೆರಗಿನಿಂದ ಒರೆಸಿ ಕೊಟ್ಟಳು. "ತೆಗೆಯೋಲ್ಲ ಅಜ್ಜೀ" ಅನ್ನಬೇಕೆಂದಿತು ನಾಲಿಗೆ. ಹಾಗೆಂದು ಮಾತು ಕೊಡಲು ಆಗಲಿಲ್ಲ. ನಾಳೆಯೇ ಶುಕ್ರವಾರ.

ಇಟ್ಟಿಗೆಗೂಡಿನ ಅಂಗನವಾಡಿಯಲ್ಲಿ ಹೊನ್ನೂರಮ್ಮ ಮೊಟ್ಟೆ ಸುಲಿಯುತ್ತಿದ್ದಳು. ಸುಲಿದ ಮೊಟ್ಟೆಗೆ ದಾರ ಸುತ್ತಿ, ಎರಡೂ ತುದಿ ಎಳೆದು, ಸಮನಾಗಿ ಎರಡು ಹೋಳು ಮಾಡಿದಳು. ವಾರಿಜಾಕ್ಷಿಯನ್ನು ಕಂಡು ಎದ್ದು ನಿಂತಳು.

"ಯಾಕೆ ಕತ್ತರಿಸ್ತಿದ್ದೀರಿ?"

"ಹೊಸದಾಗಿ ಬಂದವಕ್ಕೆ ಮೊಟ್ಟೆ ಬರೋಕೆ ಇನ್ನೂ ತಿಂಗಳಾಗುತ್ತೆ ಮೇಡಂ. ಅಲ್ಲೀವರೆಗೆ ನೋಡ್ತಾ ಕೂತ್ಕೊಳ್ಳಿ ಅನ್ನೋಕಾಗುತ್ತಾ? ಗಟ್ಟಿಮುಟ್ಟಾಗಿರೋವು ಅರ್ಧ ತಿಂತಾವೆ. ಕೆಂಪಿನವಕ್ಕೆ ಮಾತ್ರ ಇಡೀ ಮೊಟ್ಟೆ."

"ಬೇರೆ ಬೀದಿಯ ಮಕ್ಕಳು ಇಲ್ಲಿ ಎಷ್ಟಿವೆ?"

"ಕೋಟೆಬೀದೀವು ಹನ್ನೆರಡು. ಸಂತೆಮಾಳದವು ಐದು. ಇವತ್ತು ಒಂದು ಬಂತು, ಮೊನ್ನೆ ಹಳದಿ ಆಯ್ತಂತಲ್ಲ, ಅದು."

"ನನಗೆ ಮೊದಲೇ ಯಾಕೆ ಹೇಳ್ಲಿಲ್ಲ ಹೊನ್ನೂರಮ್ಮಾ?"

"ಚಾಡಿ ಹೇಳ್ಬೇಡಿ ಅಂದಿದ್ರಿ."

"ಕೆಲಸ ಹೋಗೋ ಹೊತ್ತಿಗೂ ಸುಮ್ನಿರೋದಾ?"

ಹೊನ್ನೂರಮ್ಮ ದಾರವನ್ನು ಬೆರಳಿಗೆ ಸುತ್ತಿಕೊಂಡಳು. "ಹೇಳಿದ್ರೆ ನೀವು ನಂಬ್ತಿದ್ರಾ ಮೇಡಂ?"

ವಾರಿಜಾಕ್ಷಿ ಹಳೆಯ ತೂಕದ ಪುಸ್ತಕ ಕೇಳಿ ತೆಗೆಸಿದಳು. ಓಬಿಯ ಹೆಸರು ಹುಡುಕಿದಳು. ಇಲ್ಲಿಗೆ ಬಂದಾಗ ಮೂರು ವರ್ಷದ ಮಗು, ಎಂಟು ಕೆಜಿ ನಾನೂರು ಗ್ರಾಂ. ಈಗ ಹತ್ತು ಕೆಜಿ ಆರುನೂರು. ನಡುವೆ ಹದಿನೆಂಟು ತಿಂಗಳು, ಹದಿನೆಂಟು ತೂಕ. ಎಲ್ಲವೂ ಯಾರ ಕೈಬರಹ? ವಾರಿಜಾಕ್ಷಿಯದೇ! ಹದಿನೆಂಟು ಸಲ ಈ ಮಗುವನ್ನು ಎತ್ತಿ ಜೋಲಿಯಲ್ಲಿ ಕೂರಿಸಿದ್ದಾಳೆ. ಮಗು ಅವಳನ್ನು ಸೆರಗಿನ ಮರೆಯಲ್ಲೂ ಗುರುತು ಹಿಡಿಯಿತು. ಅವಳಿಗೆ ಮಗುವಿನ ಗುರುತು ಸಿಕ್ಕಿರಲಿಲ್ಲ. ಪ್ರತಿಸಲವೂ ಮುಳ್ಳು ನೋಡಿದ್ದಳು, ಮುಖ ನೋಡಿರಲಿಲ್ಲ.

ಮಧ್ಯಾಹ್ನ ಕೋಟೆಬೀದಿಗೆ ಹೋದವಳೇ, ಮಕ್ಕಳೆಲ್ಲ ಮಲಗಿದ್ದ ಹೊತ್ತಿನಲ್ಲಿ, ಅನಸೂಯಳನ್ನು ಹೊರಗೆ ಕರೆದಳು.

"ಪಕ್ಕದ ಮನೆ ಓಬಿ ಎಲ್ಲಿ ಅಂದಿದ್ರಿ ನನಗೆ? ಮನೆಮನೆ ಸಮೀಕ್ಷೆಯಲ್ಲಿ ಏನು ಬರೆದಿದ್ದೀರಿ?"

ಅನಸೂಯಳ ನಗು ಅರ್ಧಕ್ಕೇ ನಿಂತಿತು. "ನೆಂಟರ ಊರಲ್ಲಿದೆ ಅಂತ."

"ಹನ್ನೆರಡು ಮಕ್ಕಳೂ ನೆಂಟರ ಊರಲ್ಲೇ ಇದ್ದಾವಾ? ಅನಸೂಯಾ, ನೀವೂ ಎರಡು ಮಕ್ಕಳ ತಾಯಿ. ಗೋಡೆಯಾಚೆ ಮಗು ಹಸಿದಿದ್ರೆ ನಿಮಗೆ ನಿದ್ದೆ ಹೇಗೆ ಬರುತ್ತೆ?"

ಅನಸೂಯ ಅಳುತ್ತಾಳೆಂದು ವಾರಿಜಾಕ್ಷಿ ತಿಳಿದಿದ್ದಳು. ಅಳಲಿಲ್ಲ. ಬಹಳ ದಿನದಿಂದ ಕಾದಿದ್ದವಳ ಹಾಗೆ ತಲೆಯೆತ್ತಿ ನೋಡಿದಳು.

"ಮೊದಲನೇ ತಿಂಗಳು ಹಲಗೆ ಹಾಕಿಸಿದ್ರಲ್ಲ ಮೇಡಂ, ನೆನಪಿದೆಯಾ? ನನ್ನಲ್ಲಿ ನಾಲ್ಕು ಕೆಂಪಿದ್ವು. ಇದೇ ಬಾಗಿಲಲ್ಲಿ, ಬೀದಿಯವರೆಲ್ಲ ನೋಡ್ತಿರೋವಾಗ, 'ಸಂಬಳ ತಗೊಳ್ಳೋಕೆ ನಾಚಿಕೆ ಆಗೋಲ್ವಾ' ಅಂದ್ರಿ. ನನ್ನ ಅತ್ತೆ ನಿಂತು ಕೇಳಿಸ್ಕೊಂಡ್ರು. ಆ ನಾಲ್ಕು ಮಕ್ಕಳನ್ನ ಸರಿಮಾಡೋಕೆ ಒಂದು ವರ್ಷ ಬೇಕಿತ್ತು. ನೀವು ಕೊಟ್ಟಿದ್ದು ಒಂದು ತಿಂಗಳು. ಮಾರನೇ ತಿಂಗಳು ಮೂರನ್ನ ಬರಬೇಡಿ ಅಂದೆ. ನೀವು ಬಂದು ಹಲಗೆ ನೋಡಿ ಏನು ಮಾಡಿದ್ರಿ ಹೇಳಿ?"

ವಾರಿಜಾಕ್ಷಿಗೆ ನೆನಪಾಯಿತು.

"ಚಪ್ಪಾಳೆ ತಟ್ಟಿದ್ರಿ ಮೇಡಂ. ಎಲ್ಲರ ಕೈಲೂ ತಟ್ಟಿಸಿದ್ರಿ. ಒಂದೇ ತಿಂಗಳಲ್ಲಿ ಮೂರು ಕೆಂಪು ಮಾಯ! ಆ ಮಕ್ಕಳು ಎಲ್ಲಿ ಹೋದ್ವು ಅಂತ ನೀವು ಕೇಳ್ತೀರೇನೋ ಅಂತ ನಾನು ಹೆದರಿಕೊಂಡು ನಿಂತಿದ್ದೆ. ನೀವು ಕೇಳಿದ್ರೆ ಅವತ್ತೇ ಕರ್ಕೊಂಡು ಬರ್ತಿದ್ದೆ. ನೀವು ಕೇಳ್ಲಿಲ್ಲ. ನಾನು ಮಾಡಿದ್ದು ತಪ್ಪು, ಇಲ್ಲ ಅನ್ನೋಲ್ಲ. ಆದ್ರೆ ಆ ಚಪ್ಪಾಳೆ ನಿಮ್ದು."

ಬೀದಿಯಲ್ಲಿ ಯಾರೋ ಹೆಂಗಸು ಹಲಗೆ ನೋಡಿಕೊಂಡು ಹೋದಳು. ವಾರಿಜಾಕ್ಷಿ ಮೆಟ್ಟಿಲ ಮೇಲೆ ಕುಳಿತಳು. ಅವಳು ಬರೆದ ಒಂದು ಅಂಕಿಯೂ ಸುಳ್ಳಲ್ಲ. ಒಂದು ಚುಕ್ಕೆಯ ಬಣ್ಣವೂ ತಪ್ಪಲ್ಲ. ಆದರೂ ಎರಡು ವರ್ಷ ಅವಳು ಹೋಲಿಸಿದ್ದೆಲ್ಲ ತಲೆಕೆಳಗಾಗಿತ್ತು. ಯಾವ ಮಗುವಿಗೆ ಮೊದಲು ಉಣಿಸಬೇಕೆಂದು ತೋರಿಸಲು ಇದ್ದದ್ದು ಕೆಂಪು ಬಣ್ಣ. ಅವಳು ಅದನ್ನು ಟೀಚರುಗಳ ಹಣೆಗೆ ಹಚ್ಚುವ ಮಸಿ ಮಾಡಿದ್ದಳು. ಅವರು ಆ ಮಸಿಯಿಂದ ತಪ್ಪಿಸಿಕೊಳ್ಳಲು ಮಕ್ಕಳನ್ನೇ ದೂಡಿದ್ದರು. ದೂಡಿಸಿಕೊಂಡ ಮಕ್ಕಳಿಗೆಲ್ಲ ಬಾಗಿಲು ತೆರೆದವಳು ಕೊನೆಯ ಸ್ಥಾನಕ್ಕೆ ಬಿದ್ದಿದ್ದಳು. ಇನ್ನೊಂದು ದಿನ ತಡೆದಿದ್ದರೆ ಅವಳ ಬಾಗಿಲಿಗೂ ಬೀಗ ಬೀಳುತ್ತಿತ್ತು. ಆಗ ಮುದುಕಿ ಮಗುವನ್ನು ಎತ್ತಿಕೊಂಡು ಎಲ್ಲಿಗೆ ನಡೆಯಬೇಕಿತ್ತು?

ಮರುದಿನ ವಾರಿಜಾಕ್ಷಿ ವರದಿ ಹಿಡಿದು ತಾಲ್ಲೂಕಿಗೆ ಹೋದಳು. ಅಧಿಕಾರಿ ಓದಿ, ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದರು.

"ಏನಮ್ಮಾ ಇದು? ಕೊನೆಯ ಸ್ಥಾನ ಅನ್ನೋ ಕಡೆ ನಿಮ್ಮ ಹೆಸರು ಬರೆದಿದ್ದೀರಲ್ಲ!"

"ಹೌದು ಸರ್. ಹೋಲಿಸಿದವಳದ್ದೇ ತಪ್ಪು. ಬಂದ ಮಕ್ಕಳನ್ನ ತೂಗಿದೆ, ಬಾರದ ಮಕ್ಕಳನ್ನ ಲೆಕ್ಕಕ್ಕೇ ಹಿಡೀಲಿಲ್ಲ. ಹದಿನೆಂಟು ಮಕ್ಕಳ ಹೆಸರು, ಮನೆ, ತೂಕ ಹಿಂದಿನ ಹಾಳೆಯಲ್ಲಿದೆ. ಯಾವ ಅಂಗನವಾಡಿಯನ್ನೂ ಮುಚ್ಚೋಕೆ ನಾನು ಸಹಿ ಹಾಕೋಲ್ಲ."

"ನಿಮ್ಮ ಹಲಗೆ ಜಿಲ್ಲೆಗೆಲ್ಲ ಮಾದರಿ ಅಂತ ನಾನು ಮೇಲಕ್ಕೆ ಬರೆದಿದ್ದೀನಲ್ರೀ! ಈಗ ನಾನೇನು ಹೇಳ್ಲಿ ಅವರಿಗೆ? ಹೀಗಾದ್ರೆ ನಿಮ್ಮನ್ನೇ ಎಲ್ಲಿಗಾದ್ರೂ ಸೇರಿಸ್ಬೇಕಾಗುತ್ತೆ ನೋಡಿ."

"ಇಟ್ಟಿಗೆಗೂಡಿಗೇ ಸೇರಿಸಿ ಸರ್. ಅಲ್ಲಿ ಉಣಿಸೋಕೆ ಕೈ ಸಾಲ್ತಿಲ್ಲ."

ಅಧಿಕಾರಿಗೆ ನಗಬೇಕೋ ರೇಗಬೇಕೋ ತಿಳಿಯಲಿಲ್ಲ. ಹಿಂದಿನ ಹಾಳೆ ತಿರುವಿದರು. ಒಂದೊಂದೇ ಹೆಸರು ಓದುತ್ತಾ ಹೋದಂತೆ ಅವರ ಮುಖವೂ ಕಪ್ಪಿಟ್ಟಿತು. ಮುಚ್ಚುವ ಆದೇಶ ಅಲ್ಲಿಗೇ ನಿಂತಿತು. ವಾರಿಜಾಕ್ಷಿಗೆ ಒಂದು ನೋಟಿಸೂ ಬಂತು. ಅವಳು ಅದಕ್ಕೆ ತಕರಾರು ಹೇಳದೆ ಸಹಿ ಹಾಕಿ ತೆಗೆದುಕೊಂಡಳು. ಮೂರು ಹಲಗೆಗಳನ್ನೂ ತಾನೇ ನಿಂತು ಇಳಿಸಿದಳು.

ಇನ್ನು ಮಕ್ಕಳು ತಮ್ಮ ತಮ್ಮ ಬೀದಿಗೆ ಓಡಿ ಬಂದುಬಿಟ್ಟವೆಂದು ತಿಳಿಯಬೇಡಿ. ಬೀದಿಯ ಜನ ಎರಡು ವರ್ಷ ಓದಿದ್ದನ್ನು ಒಂದು ದಿನದಲ್ಲಿ ಮರೆಯುವುದಿಲ್ಲ. ಸೋಮವಾರ ಬೆಳಿಗ್ಗೆ ಅನಸೂಯ ಬೀದಿಗಿಳಿದು ನಿಂತಳು. ಮುದುಕಿ ಎಂದಿನಂತೆ ಮಗುವಿನ ಮುಖ ತಿರುಗಿಸಿಕೊಂಡು ಹೊರಟಿದ್ದಳು.

"ಅಜ್ಜೀ, ಒಳಗೆ ಕರ್ಕೊಂಡು ಬನ್ನಿ. ತಪ್ಪಾಯ್ತು" ಎಂದಳು ಅನಸೂಯ.

ಮುದುಕಿ ನಿಂತಳು. ಅನಸೂಯಳ ಹಿಂದೆ ತಲೆತಗ್ಗಿಸಿ ನಿಂತಿದ್ದ ವಾರಿಜಾಕ್ಷಿಯನ್ನೂ ನೋಡಿದಳು.

"ಕರೆದ್ರಲ್ಲ, ಸಂತೋಷ. ಆದ್ರೆ ಇವತ್ತು ಬರಾಕಿಲ್ಲ. ಮಗು ಮನಸ್ಸಿನಾಗೆ ಏನೈತೆ ಅಂತ ಕೇಳ್ಬೇಕು. ಹೊನ್ನೂರಮ್ಮಂಗೂ ಒಂದು ಮಾತು ಹೇಳ್ಬೇಕು" ಎಂದು ಹೆಜ್ಜೆ ಹಾಕಿದಳು.

ಆ ವಾರ ನಾಲ್ಕು ಮಕ್ಕಳು ಮರಳಿದವು. ತಿಂಗಳಿಗೆ ಇನ್ನೈದು. ಉಳಿದವು ಹೊನ್ನೂರಮ್ಮನನ್ನು ಬಿಟ್ಟು ಬರಲೇ ಇಲ್ಲ. ಓಬಿಯೂ ಅವುಗಳಲ್ಲೊಂದು. ಒಂದೂವರೆ ಮೈಲಿ ಎತ್ತಿಕೊಂಡು ನಡೆಯಲು ಮುದುಕಿಗೆ ಕಷ್ಟವಾಗುತ್ತಿತ್ತು. ಹಾಗಾಗಿ ಬೆಳಿಗ್ಗೆ ಎಂಟೂವರೆಗೆ ಕೋಟೆಬೀದಿಯ ತುದಿಯಿಂದ ಇಟ್ಟಿಗೆಗೂಡಿನ ಏರಿನವರೆಗೆ ಆ ಮಗುವನ್ನು ಸೊಂಟದ ಮೇಲೆ ಹೊತ್ತವಳು ವಾರಿಜಾಕ್ಷಿ. ಮರುವರ್ಷ ನಿವೃತ್ತಿಯಾಗುವವರೆಗೂ ಹೊತ್ತಳು. ಹೊತ್ತಷ್ಟು ದಿನವೂ ಮಗು ದಾರಿಯುದ್ದಕ್ಕೂ ಅವಳ ಮುಖವನ್ನು ನೋಡುತ್ತಿತ್ತು. ಅವಳೂ ನೋಡುತ್ತಿದ್ದಳು.

ನೀತಿ: ಹೋಲಿಸುವಾಗ ಒಳಗಿರುವವರನ್ನಷ್ಟೇ ಎಣಿಸಬೇಡಿ, ಹೊರಗೆ ಉಳಿದವರು ಯಾರು ಎಂದು ಮೊದಲು ಕೇಳಿ. ಬಲವಿಲ್ಲದವರನ್ನು ಹೊರಗಿಟ್ಟು ಗಳಿಸಿದ ಮೊದಲ ಸ್ಥಾನ ಗೆಲುವಲ್ಲ. ಅದನ್ನು ಕಂಡು ಕೇಳದೆ ಚಪ್ಪಾಳೆ ತಟ್ಟಿದವರೂ ಆ ತಪ್ಪಿನಲ್ಲಿ ಪಾಲುದಾರರು.